ಬಾನೆಟ್ಟಿನೊಳಗೆ ಸಿಕ್ಕಿಬಿದ್ದ ಕೈ

ನಮ್ಮ ಸೋದರತ್ತೆ ಕಾರು ಓಡಿಸುವಾಗ ಪಕ್ಕದಲ್ಲಿ ಕೂತ ನಾಸ್ತಿಕರು ಮೂರನೇ ಸಿಗ್ನಲ್ ಬರುವುದರೊಳಗೆ ಕುಲದೇವರಿಗೆ ಹರಕೆ ಹೊತ್ತಿರುತ್ತಾರೆ! ಉತ್ಪ್ರೇಕ್ಷೆ ಅಂದುಕೊಂಡಿರಾ? ನಾನೇ ನಾಲ್ಕು ಸಲ ಹೊತ್ತಿದ್ದೇನೆ.

ಅತ್ತೆ ಧಾರವಾಡದವರು. ಹೌರಾದಲ್ಲಿ ರೈಲ್ವೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿ, ಈಗ ಕೋಲ್ಕತ್ತದ ಟಾಲಿಗಂಜಿನ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚಿ ಜೋಡಿಸುತ್ತಾರೆ. ಪಕ್ಕದ ಮನೆಯವರ ಕಾಲಿಂಗ್ ಬೆಲ್ಲನ್ನೂ ಬಿಟ್ಟಿಲ್ಲ. ಅದನ್ನು ಒತ್ತಿದರೆ ಈಗ ಮೆಟ್ಟಿಲ ಮೇಲಿನ ದೀಪ ಹತ್ತುತ್ತದೆ! ಅದೇ ಊರಿನ ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನಾನು ಭಾನುವಾರಗಳಲ್ಲಿ ಅವರ ಕೈಗೆ ಸ್ಕ್ರೂ ಡ್ರೈವರ್ ಕೊಡುವವನು. ಅವರ ಯಜಮಾನರು, ನಮ್ಮ ಮಾಮಾ, ಬಲ್ಬು ಬದಲಿಸಲೂ ಹಿಂಜರಿಯುವ ಸಾಧು ಪ್ರಾಣಿ.

ಇಪ್ಪತ್ತು ವರ್ಷ ಹಳೆಯ ಆ ಕಾರಿನ ಹೀಟರ್ ಬ್ಲೋವರ್ ಕೆಟ್ಟಿತು ಎಂದು ಅತ್ತೆ ಹೇಳಿದಾಗ ನನಗೆ ನಗು ಬಂತು. ಕೋಲ್ಕತ್ತದಲ್ಲಿ ಹೀಟರ್ ಯಾರಿಗೆ ಬೇಕು? ಬಿಸಿಗಾಳಿಯಾಗಲಿ ತಣ್ಣನೆ ಗಾಳಿಯಾಗಲಿ, ಊದುವ ಮೋಟರು ಒಂದೇ ಎಂಬ ಜ್ಞಾನೋದಯ ನನಗಾದದ್ದು ಜುಲೈ ತಿಂಗಳ ಮಳೆಯಲ್ಲಿ. ಮಾಮಾ ಅವರ ಹೃದಯಕ್ಕೆ ಸ್ಟೆಂಟ್ ಹಾಕಿ ಎರಡು ತಿಂಗಳಾಗಿತ್ತು. ತಪಾಸಣೆ ಮುಗಿಸಿ ಆಸ್ಪತ್ರೆಯಿಂದ ಮರಳುವಾಗ ಮುಂದಿನ ಗಾಜು ಆವಿ ಹಿಡಿದು ಹಾಲಿನಂತೆ ಬಿಳಿಚಿಕೊಂಡಿತು. ಊದಿ ತೆಗೆಯಲು ಗಾಳಿಯೇ ಇಲ್ಲ! ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಓಡಿಸತೊಡಗಿದರು.

"ಒರಸೋ! ಎಡಕ್ಕ ಬಸ್ಸದ ಏನು ನೋಡು!"

"ಏನೂ ಕಾಣವಲ್ದು ಅತ್ತಿ!"

"ಇದ್ದರ ಅದ ಹಾರ್ನ್ ಹೊಡೀತದ ಬಿಡು!"

ಹಿಂದಿನ ಸೀಟಿನಲ್ಲಿ ಮಾಮಾ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತಿದ್ದರು. ಕನ್ನಡಿಯಲ್ಲಿ ಅದನ್ನು ಕಂಡ ಅತ್ತೆ ಮನೆ ಬರುವವರೆಗೂ ಕಾರನ್ನು ಸೈಕಲ್ಲಿನ ವೇಗದಲ್ಲಿ ಓಡಿಸಿದರು.

ಮರುದಿನ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ. ಮೋಟರು ಎಂಜಿನ್ನಿನ ಹಿಂದೆ, ಪೈಪುಗಳ ಸಂದಿಯಲ್ಲಿ ಅಡಗಿ ಕೂತಿತ್ತು. "ಮಾಶಿಮಾ, ಹಾತ್ ಢುಕ್ಬೆ ನಾ," ಎಂದು ಕೈಚೆಲ್ಲಿದ. ಕೈ ಹೋಗುವುದಿಲ್ಲ, ಎಂಜಿನ್ನಿನ ಅರ್ಧ ಸಾಮಾನು ಬಿಚ್ಚಬೇಕು, ವಾರ ಹಿಡಿಯುತ್ತದೆ.

"ನಿನ್ನ ಕೈ ಹೋಗೂದಿಲ್ಲ. ನನ್ನ ಕೈ?" ಎಂದು ಅತ್ತೆ ತಮ್ಮ ಸಣ್ಣ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅಂದೇ ಹೊಸ ಮೋಟರು ತರಲು ನನ್ನನ್ನು ಅಟ್ಟಿದರು.

ಭಾನುವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿಬಂದ ಕಾರಿನ ಎಂಜಿನ್ ಇನ್ನೂ ಸುಡುತ್ತಿತ್ತು. "ಬ್ಯಾಟರಿ ವಾಯರ್ ತಗೀರಿ ಅತ್ತಿ," ಎಂದೆ. "ಅಂಜುಬುರುಕ!" ಎಂದರು. ಸೀರೆಯ ಮೇಲೆ ಮಾಮಾ ಅವರ ಹಳೆಯ ಅಂಗಿ ತೊಟ್ಟು, ತುದಿಗಾಲಲ್ಲಿ ನಿಂತು ಬಾನೆಟ್ಟಿನೊಳಗೆ ಸೊಂಟದವರೆಗೂ ಮುಳುಗಿದರು. ಹಳೆಯ ಮೋಟರು ಬಂತು, ಹೊಸದು ಕೂತಿತು. ಕಣ್ಣಿಗೆ ಕಾಣದ ಕೊನೆಯ ಸ್ಕ್ರೂವನ್ನು ಬೆರಳ ತುದಿಯಲ್ಲೇ ಹುಡುಕಿ ತಿರುಗಿಸಿದ್ದೂ ಆಯಿತು. ನಾನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಅತ್ತೆ ಪಿಸುಗುಟ್ಟಿದರು: "ಕೈ ಬರವಲ್ದು."

ಟಾರ್ಚ್ ಬಿಟ್ಟು ನೋಡಿದೆ. ಕೈ ತೂರುವಾಗ ಮೇಲಕ್ಕೆ ಸರಿದಿದ್ದ ಹಸಿರು ಗಾಜಿನ ಬಳೆಗಳು, ಎಳೆಯುವಾಗ ಕೆಳಗಿಳಿದು ಒಂದು ಕಬ್ಬಿಣದ ಕೊಕ್ಕೆಗೆ ಸಿಕ್ಕಿಕೊಂಡಿದ್ದವು. ಅದೇ ಹೊತ್ತಿಗೆ, ಎಂಜಿನ್ ಕಾದಿದ್ದರೆ ಕೀ ತೆಗೆದಿದ್ದರೂ ತಿರುಗುವ ರೇಡಿಯೇಟರ್ ಫ್ಯಾನ್ ಗುರ್‍ರ್ ಎಂದು ತಾನಾಗಿಯೇ ತಿರುಗಿತು! ಅತ್ತೆಯ ಎಡಗೈ ಅದರಿಂದ ಒಂದು ಗೇಣು ದೂರ. ಆ ಕೈಯನ್ನು ಹಿಡಿದೆಳೆದು ನಾನು ಕಿಟಾರನೆ ಕಿರುಚಿದೆ.

"ಒದರಬ್ಯಾಡೋ! ಮಾಮಾಗ ಕೇಳಸ್ತದ!" ಎಂದು ನನ್ನನ್ನೇ ಗದರಿದರು.

ಫ್ಯಾನ್ ನಿಂತ ಕೂಡಲೇ ಬ್ಯಾಟರಿಯ ವಾಯರ್ ಕಿತ್ತು, ಎಣ್ಣೆಗೆಂದು ಅಡುಗೆಮನೆಗೆ ಓಡಿದೆ. ವರಾಂಡದಲ್ಲಿ ಮಾಮಾ ಪೇಪರ್ ಓದುತ್ತಿದ್ದರು.

"ಸಾಸಿವಿ ಎಣ್ಣಿ ಎಲ್ಲಿಗೋ?"

"ಕಾರಿಗೆ ಮಾಮಾ."

"ಕಾರಿಗೆ ಸಾಸಿವಿ ಎಣ್ಣಿ ಹಾಕ್ತಾರೇನು?"

"ಕಲ್ಕತ್ತಾದ ಕಾರಲ್ಲೇನು ಮಾಮಾ, ಇಲ್ಲಿ ಎಲ್ಲಾದಕ್ಕೂ ಅದ ಎಣ್ಣಿ!"

ಎಣ್ಣೆಗೂ ಬಳೆ ಜಗ್ಗಲಿಲ್ಲ. ಬಿಸಿ ಪೈಪು ತಾಗಿ ಅತ್ತೆಯ ಮುಂಗೈ ಕೆಂಪಾಗುತ್ತಿತ್ತು. "ಜೋರಾಗಿ ಎಳೀರಿ ಅತ್ತಿ, ಬಳಿ ಒಡದರ ಒಡೀಲಿ," ಎಂದೆ.

ಅತ್ತೆ ತಲೆ ಅಲ್ಲಾಡಿಸಿದರು. ಹೈಟೆನ್ಷನ್ ತಂತಿಗಳ ನಡುವೆ ಬದುಕು ಸವೆಸಿದ ಹೆಂಗಸಿನ ಗಲ್ಲ ನಡುಗುತ್ತಿತ್ತು. "ಬ್ಯಾಡೋ. ಎರಡು ತಿಂಗಳ ಹಿಂದ ಅವರನ್ನ ಎಷ್ಟು ಕಷ್ಟಪಟ್ಟು ವಾಪಸ್ ಕರಕೊಂಡ ಬಂದೀನಿ. ಈಗ ನನ್ನ ಕೈಯಾರ ಬಳಿ ಒಡಕೊಳ್ಳಲೇನು? ಕೈ ಸುಟ್ಟರ ಸುಡಲಿ."

ಕೊಕ್ಕೆಯನ್ನೇ ಬಗ್ಗಿಸೋಣವೆಂದು ಇಕ್ಕಳ ಎತ್ತಿಕೊಂಡೆ. ಹಿಂದಿನಿಂದ ಒಂದು ಕೈ ಬಂದು ನನ್ನ ಕೈಯಲ್ಲಿದ್ದ ಇಕ್ಕಳ ತೆಗೆದುಕೊಂಡಿತು. ಮಾಮಾ! ಎಣ್ಣೆಯ ಕಥೆಯನ್ನು ಅವರು ನಂಬಿರಲಿಲ್ಲ.

"ಕಣ್ಣ ಮುಚ್ಚು," ಎಂದರು ಅತ್ತೆಗೆ. ಕರವಸ್ತ್ರ ಸುತ್ತಿದ ಇಕ್ಕಳವನ್ನು ಸಂದಿಯೊಳಗೆ ತೂರಿಸಿ, ಚರ್ಮಕ್ಕೆ ತಾಗದಂತೆ ಒಂದೊಂದೇ ಬಳೆ ಒಡೆದರು.

"ಹೆಚ್ಚಿದ್ವು ಅನ್ರಿ," ಅತ್ತೆ ಬಿಕ್ಕಿದರು. "ಒಡದ್ವು ಅನಬ್ಯಾಡ್ರಿ."

"ಹೂಂ, ಹೆಚ್ಚಿದ್ವು. ನಾ ಇಲ್ಲೇ ಇದ್ದೀನಿ, ಕಣ್ಣ ತಗಿ."

ಕೈ ಹೊರಬಂತು. ವಾಯರ್ ಮತ್ತೆ ಜೋಡಿಸಿ ಕೀ ತಿರುಗಿಸಿದೆ. ಬ್ಲೋವರ್ ಭರ್‍ರೆಂದು ಇಪ್ಪತ್ತು ವರ್ಷಗಳ ಧೂಳನ್ನು ನನ್ನ ಮುಖಕ್ಕೆ ಉಗಿಯಿತು! ನಾನು ಕೆಮ್ಮಿ, ಕಣ್ಣುಜ್ಜಿ ನೋಡುತ್ತೇನೆ, ಮಾಮಾ ಇಲ್ಲ. ಮನೆಯಲ್ಲಿಲ್ಲ, ಗೇಟಿನ ಹತ್ತಿರವೂ ಇಲ್ಲ. ಹೊರಗೆ ತುಂತುರು ಮಳೆ. ಆಸ್ಪತ್ರೆಯಿಂದ ಬಂದಮೇಲೆ ಒಬ್ಬರೇ ಬೀದಿಗಿಳಿದವರಲ್ಲ. ಅತ್ತೆ ಬರಿಗಾಲಲ್ಲಿ ರಸ್ತೆಗೆ ಓಡಿದರು, ನಾನು ಹಿಂದೆ. ಆ ಹತ್ತು ನಿಮಿಷ ನನಗೆ ಆದ ದಿಗಿಲು ಯಾವ ಕಾರೂ ಹುಟ್ಟಿಸಿರಲಿಲ್ಲ.

ಮೂಲೆಯಿಂದ ನಿಧಾನವಾಗಿ ನಡೆದು ಬಂದರು, ನೆನೆದ ಬನಿಯನ್ನಿಗೆ ಒಂದು ಕಾಗದದ ಪೊಟ್ಟಣ ಒತ್ತಿಕೊಂಡು. ಬಿಚ್ಚಿದರೆ ಬಂಗಾಳದ ಮುತ್ತೈದೆಯರು ತೊಡುವ ಬಿಳಿಯ ಶಂಖದ ಬಳೆ, ಜೊತೆಗೆ ಕೆಂಪು ಬಳೆ.

"ಹಸಿರು ಬಳಿ ಸಿಗಲಿಲ್ಲ," ಎಂದರು ತಪ್ಪೊಪ್ಪಿಕೊಳ್ಳುವವರಂತೆ. "ಇಲ್ಲಿಯವರು ಇದನ್ನ ಗಂಡನ ಆಯುಷ್ಯಕ್ಕ ಹಾಕ್ಕೋತಾರಂತ."

"ಮಳ್ಯಾಗ ಒಬ್ಬರ ಹೋಗಿದ್ರೇನು? ಬುದ್ಧಿ ಅದ ಏನು ನಿಮಗ? ಎದಿ ನೋವಾದರ ಯಾರನ್ನ ಕರೀಬೇಕಂತಿದ್ರಿ?"

ಹೀಗೆ ಬೈಯುತ್ತಲೇ, ಗ್ರೀಸು ಮೆತ್ತಿದ ಆ ಸುಟ್ಟ ಕೈಯನ್ನು ಅತ್ತೆ ಮಾಮಾ ಅವರ ಮುಂದೆ ಚಾಚಿದರು.