ಮೊದಲು ಗೇಟು ಮುಟ್ಟಿದವರು

ಬೊನಿಸಿಲೆಯ ತಲೆಯಲ್ಲಿ ಹುಳ ಬಿಟ್ಟವಳು ಪಕ್ಕದ ಮನೆಯ ಮಾಂಟುಲಿ.

ಅವನ ತೀರಿಹೋದ ಅಕ್ಕನ ಮಗಳು ಲಿಂಡೀವೆ, ತನ್ನ ಗೆಳತಿ ರೆಫಿಲ್ವೆಯನ್ನು ಮದುವೆಯಾಗುವವಳಿದ್ದಳು. ಸೋಮವಾರ ಸರ್ಕಾರಿ ಕಚೇರಿಯಲ್ಲಿ ಸಿವಿಲ್ ಯೂನಿಯನ್, ಅಂದರೆ ಸಹಿ ಹಾಕಿ ಆಗುವ ಮದುವೆ. ಅದಕ್ಕೆ ಮೊದಲು, ಶನಿವಾರ, ಎರಡು ಮನೆಯವರ ಮಾತುಕತೆ. ಗಂಡಿನ ಕಡೆಯವರು ಹೆಣ್ಣಿನ ಮನೆಯ ಗೇಟಿನಲ್ಲಿ ನಿಂತು ಕುಲದ ಹೆಸರು ಕೂಗಿ, ಒಳಗೆ ಕರೆಯುವವರೆಗೂ ಕಾಯುವುದು ಅಲ್ಲಿನ ಪದ್ಧತಿ. ಇಲ್ಲಿ ಯಾರು ಯಾರ ಮನೆಗೆ ಹೋಗಬೇಕೆಂದು ಮಾತ್ರ ಯಾರೂ ಕೇಳಿರಲಿಲ್ಲ.

"ಇಬ್ರೂ ಹುಡುಗೀರಲ್ವಾ, ಅದಕ್ಕೆ ಕಾನೂನೇ ಬೇರೆ ಕಣಪ್ಪಾ," ಎಂದಳು ಮಾಂಟುಲಿ. "ಯಾರು ಮೊದ್ಲು ಹೋಗಿ ಆ ಕಡೆಯೋರ ಗೇಟಲ್ಲಿ ಕುಲದ ಹೆಸರು ಕೂಗ್ತಾರೋ ಅವ್ರೇ ಗಂಡಿನ ಕಡೆ. ಇನ್ನೊಂದು ಹುಡುಗಿ ಸೊಸೆಯಾಗಿ ಅವ್ರ ಮನೆಗೆ ಹೋಗ್ಬೇಕು."

ಇದ್ಯಾವ ನ್ಯಾಯ ಎಂದುಕೊಂಡ ಬೊನಿಸಿಲೆ. ತನ್ನ ಮನೆಯಲ್ಲೇ ಎತ್ತಿ ಆಡಿಸಿದ ಹುಡುಗಿ ಕಂಡವರ ಮನೆಯಲ್ಲಿ ಬೆಳಗಾಗುವ ಮೊದಲೇ ಎದ್ದು ಟೀ ಕಾಯಿಸುವುದೇ? ಶನಿವಾರ ಕೋಳಿ ಕೂಗುವ ಮುಂಚೆ ಕೋಟು ಏರಿಸಿ, ನಿದ್ದೆಗಣ್ಣಿನ ಇಬ್ಬರು ದಾಯಾದಿಗಳನ್ನು ಟ್ಯಾಕ್ಸಿಗೆ ತುಂಬಿ, ತನ್ನ ಊರು ಡೇವಿಟನ್‌ನಿಂದ ರೆಫಿಲ್ವೆಯ ಊರು ಕಟ್ಲೆಹಾಂಗ್‌ಗೆ ಹಾರಿದ.

ರೆಫಿಲ್ವೆಯ ಮನೆ ಗೇಟಿಗೆ ಬೀಗ. ಬೊನಿಸಿಲೆ ಹಿಗ್ಗಿದ. ಬಂದವರನ್ನು ಚಳಿಯಲ್ಲಿ ಕಾಯಿಸುವುದು ಹೆಣ್ಣಿನ ಕಡೆಯವರ ಗತ್ತು, ಅಂದರೆ ಗೆದ್ದಂತೆಯೇ. ಮುತ್ತಾತನಿಂದ ಶುರುಮಾಡಿ ಕುಲದ ಬಿರುದುಗಳನ್ನೆಲ್ಲ ಕೂಗಿದ. ಉತ್ತರವಿಲ್ಲ. ಇನ್ನೂ ಜೋರಾಗಿ ಕೂಗಿದ. ಬೀದಿಯ ಹೆಂಗಸರು ಕುರ್ಚಿ ತಂದು ಕುಳಿತರು. ಸ್ವರ ಸಾಲದು ಎಂದಳೊಬ್ಬಳು; ಅಜ್ಜನ ಹೆಸರು ಎರಡು ಸಲ ಬಂತು ಎಂದಳು ಇನ್ನೊಬ್ಬಳು. ಬಿಸಿಲೇರುವ ಹೊತ್ತಿಗೆ ಅವನ ಗಂಟಲು ಸೈಲೆನ್ಸರ್ ಕಿತ್ತುಹೋದ ಟ್ಯಾಕ್ಸಿಯಂತಾಗಿತ್ತು.

ಆಗ ಕುರ್ಚಿಯ ಮೇಲಿನ ಅಜ್ಜಿಯೊಬ್ಬಳು ಮೆಲ್ಲಗೆ ಬಾಯಿಬಿಟ್ಟಳು: "ಮೊಲೆಫೆಯನ್ನ ಕರೀತಿದ್ದೀಯೇನಪ್ಪಾ? ರೆಫಿಲ್ವೆ ಚಿಕ್ಕಪ್ಪ ತಾನೇ? ಅವ್ನು ನಸುಕಲ್ಲೇ ಮನೆಮಂದೀನೆಲ್ಲ ಕರ್ಕೊಂಡು ಡೇವಿಟನ್‌ಗೆ ಹೋದ. ಯಾರದೋ ಗೇಟು ಮೊದ್ಲು ಮುಟ್ಬೇಕಂತೆ."

ಮೊದಲೇ ಹೇಳಬಾರದಿತ್ತೇ ಎಂದು ಅವನು ಕೇಳಿದ್ದಕ್ಕೆ, ಅಷ್ಟು ಚೆನ್ನಾಗಿ ಕೂಗುತ್ತಿದ್ದೆಯಲ್ಲ ಎಂದಳು.

ಬೊನಿಸಿಲೆ ಬಿದ್ದಂಬೀಳ ಮನೆಗೆ ಬಂದರೆ, ಅವನ ಗೇಟಿಗೂ ಬೀಗ. ಒಳಗೆ ನಗು, ಹುರಿದ ಕುರಿಯ ಘಮ. ಚಳಿಯಲ್ಲಿ ನಡುಗುತ್ತಿದ್ದ ಮೊಲೆಫೆಯ ಕಡೆಯವರನ್ನು ಅವನ ಹೆಂಡತಿ ಒಳಗೆ ಕರೆದು ಉಣಬಡಿಸಿ, ಮಾತುಕತೆಯನ್ನೂ ಮುಗಿಸಿಬಿಟ್ಟಿದ್ದಳು. ಲಿಂಡೀವೆ ಗೇಟಿನ ಬಳಿ ಬಂದಳು.

"ಹಾಗಾದ್ರೆ ಅವ್ರೇ ಗಂಡಿನ ಕಡೆಯಾದ್ರಾ?" ಅವನು ಗೇಟಿನ ಸರಳು ಹಿಡಿದು ಕೇಳಿದ.

"ಮಾವ, ಕಾನೂನಿಗೆ ಗೇಟೇ ಗೊತ್ತಿಲ್ಲ. ಎಲ್ಲರ ಮದುವೆ ಥರಾನೇ ಇದೂ. ನಾವಿಬ್ರು ಒಪ್ಪಿ ಸಹಿ ಹಾಕಿದ್ರೆ ಮುಗೀತು. ಅದರಲ್ಲಿ ಆ ಕಡೆ, ಈ ಕಡೆ ಅಂತೇನಿಲ್ಲ."

"ಮತ್ತೆ ನೀನು ಎಲ್ಲಿರ್ತೀಯ?"

"ಇಲ್ಲೇ. ರೆಫಿಲ್ವೆನೂ ಇಲ್ಲೇ."

ಬೊನಿಸಿಲೆಯ ಕಣ್ಣು ತುಂಬಿತು. ಸರಳಿನ ಸಂದಿಯಲ್ಲೇ ಅವಳ ಕೈ ಹಿಡಿದುಕೊಂಡ.

"ನೀವು ಮಲಗೋ ಮುಂದಿನ ರೂಮು ನಮಗಂತೆ, ಅತ್ತೆ ಒಪ್ಪಿದ್ರು. ನಿಮ್ಮ ಮಂಚ ಹಿತ್ತಲ ಶೆಡ್ಡಿಗೆ ಹೋಯ್ತು."

ಕೈ ಸಡಿಲಾಯಿತು. ಬೀಗ ತೆಗೆ, ನಿನ್ನ ಅತ್ತೆಯ ಹತ್ತಿರ ನಾನೇ ಮಾತಾಡುತ್ತೇನೆ ಎಂದ. ಅಷ್ಟರಲ್ಲಿ ಒಳಗಿನಿಂದ, ಅವನದೇ ಕುರ್ಚಿಯ ಕಡೆಯಿಂದ, ಮೊಲೆಫೆಯ ತೃಪ್ತ ದನಿ ಕೇಳಿಸಿತು:

"ಯಾರಮ್ಮಾ ಅದು ಗೇಟಲ್ಲಿ? ಹಾಗೆಲ್ಲ ಒಳಗೆ ಬಿಡ್ಬೇಡ. ಕುಲದ ಹೆಸರು ಕೂಗ್ಲಿ ಮೊದ್ಲು."