ಗಡಿಯಾರದವರ ಹುಳುಬೇಟೆ

ಗಡಿಯಾರ ರಿಪೇರಿಯವರಿಗೆ ಜೀವದ ಗೆಳೆಯ ಬಿಟ್ಟುಹೋದ ಆಸ್ತಿ ಎರಡೇ: ಕುಂಡದಲ್ಲೊಂದು ನಿಂಬೆ ಗಿಡ, ಮುಚ್ಚಳಕ್ಕೆ ತೂತು ಕೊರೆದ ಒಂದು ಗಾಜಿನ ಬಾಟಲಿ. ಎಲ್ಲರೂ ‘ಹುಳದ ಮೇಷ್ಟ್ರು’ ಎಂದು ಕರೆಯುತ್ತಿದ್ದ ಆ ಗೆಳೆಯ, ಮರದ ಮೇಲೆ ಬೂಷ್ಟು ಕಂಡರೂ ಹುಳ ಕಂಡರೂ ಹೇಳುತ್ತಿದ್ದುದು ಒಂದೇ ಮಾತು: "ಬಾಟಲಿಗೆ ಹಾಕಿ ಕಾಯಿ. ತಾನು ಯಾರು ಅಂತ ಅದೇ ಹೇಳುತ್ತೆ."

ಅವನು ಕಣ್ಮುಚ್ಚಿದ ಮೇಲೆ ಬಂದ ಮೊದಲ ಬೇಸಿಗೆಯಲ್ಲೇ ಗಿಡಕ್ಕೆ ಕಂಟಕ ಬಂತು. ಎಲೆಗಳ ಮೇಲೆ ಮಸಿ ಬಳಿದಂಥ ಕಪ್ಪು ಬೂಷ್ಟು. ರೆಂಬೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಹುಳಗಳು. ಗಿಡವೂ ಹೋದರೆ ಗೆಳೆಯ ಎರಡನೇ ಸಲ ಹೋದಂತೆ ಎಂದು ಗಡಿಯಾರದವರಿಗೆ ಅನ್ನ ಸೇರಲಿಲ್ಲ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತನಿಖಾಧಿಕಾರಿಯ ಗತ್ತಿನಲ್ಲಿ ತೀರ್ಪು ಕೊಟ್ಟರು. "ನೋಡೇ, ಈ ಪುಟಾಣಿಗಳು ಮಕ್ಕಳು. ಜಡೆ ಬಿಟ್ಕೊಂಡು ಓಡಾಡ್ತಿರೋ ಆ ದೊಡ್ಡವು ಅಪ್ಪ-ಅಮ್ಮ. ಹಿರಿಯರನ್ನ ಮುಗಿಸಿದ್ರೆ ಸಂಸಾರವೇ ಮುಗೀತು."

"ಅಪ್ಪ-ಅಮ್ಮ ಓಡಾಡ್ತಾ, ಮಕ್ಕಳು ಕೂತಲ್ಲೇ ಕೂತಿರೋದನ್ನ ಯಾವ ಮನೇಲಿ ಕಂಡಿದೀರಿ?" ಎಂದರು ಹೆಂಡತಿ. "ಬಾಟಲಿಗೆ ಹಾಕಿ ನೋಡಬಾರದಾ?"

"ಸಾಸಿವೆಗಿಂತ ಸಣ್ಣ ಚಕ್ರ ನೋಡಿದ ಕಣ್ಣು ಇದು. ನೀನು ಹೇಳಿಕೊಡಬೇಡ."

"ನಮ್ಮ ಗೋಡೆ ಗಡಿಯಾರ ನಿಂತು ವರ್ಷ ಆಯ್ತು. ಅದನ್ನೂ ಸ್ವಲ್ಪ ನೋಡಲಿ ಆ ಕಣ್ಣು."

ಗಡಿಯಾರದವರು ದಿನಾ ಬೆಳಿಗ್ಗೆ ಚಿಮಟ ಹಿಡಿದು ದೊಡ್ಡವನ್ನೆಲ್ಲ ಹೆಕ್ಕಿ ಸೋಪಿನ ನೀರಿಗೆ ಹಾಕಿದರು. ವಿಚಿತ್ರವೆಂದರೆ, ಹಿರಿಯರು ಸತ್ತಷ್ಟೂ ಮಕ್ಕಳು ಹೆಚ್ಚಿದವು.

ಕೊನೆಗೊಂದು ಬೆಳಿಗ್ಗೆ ಹೆಂಡತಿ ಬಾಟಲಿ ತಂದು ಮುಂದಿಟ್ಟರು. ಗಂಡನ ಕಣ್ಣು ತಪ್ಪಿಸಿ, ಹುಳ ಹತ್ತಿದ ರೆಂಬೆಯೊಂದರ ಜೊತೆ ಕೆಲವು ‘ಹಿರಿಯರನ್ನು’ ಅದರಲ್ಲಿ ಸಾಕಿದ್ದರು. ಈಗ ರೆಂಬೆ ತೊಳೆದಿಟ್ಟಂತಿತ್ತು. ಹಿರಿಯರಿದ್ದಲ್ಲಿ ಕಿತ್ತಳೆ ತಲೆಯ, ಕರಿ ಬೆನ್ನಿನ ಗುಲಗಂಜಿ ಹುಳಗಳು ಓಡಾಡುತ್ತಿದ್ದವು.

"ಅದು ಸಂಸಾರ ಅಲ್ಲ ರೀ. ದೊಡ್ಡವು ಈ ಗುಲಗಂಜಿ ಹುಳದ ಮರಿಗಳು, ಚಿಕ್ಕವನ್ನ ತಿಂದು ಗಿಡ ಕಾಯ್ತಿದ್ವು. ನೀವು ಕಳ್ಳರನ್ನ ಬಿಟ್ಟು ಕಾವಲುಗಾರರನ್ನ ಮುಳುಗಿಸಿದ್ರಿ."

ಗೆಳೆಯ ಇದ್ದಿದ್ದರೆ ಕೆಮ್ಮು ಬರುವವರೆಗೆ ನಗುತ್ತಿದ್ದ. ಅವನ ಪಾಲಿನದನ್ನೂ ಸೇರಿಸಿ ಗಡಿಯಾರದವರೇ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಗಿಡದ ಬುಡದಲ್ಲಿ ಬಾಟಲಿಯ ಮುಚ್ಚಳ ತೆಗೆದರು.

ನಿಂಬೆ ಚಿಗುರಿದ ದಿನ ಅವರು, "ಅವನನ್ನ ಉಳಿಸಿಕೊಟ್ಟೆ ಕಣೇ. ಈ ಉಪಕಾರ ಮರೆಯಲ್ಲ" ಎಂದರು.

ಹೆಂಡತಿ ಭೂತಗನ್ನಡಿ ಕಣ್ಣಿಗೇರಿಸಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನೇ ಅದು?"

"ತಲೆಯೆಲ್ಲ ಬಿಳಿ. ಕೂತಲ್ಲೇ ಕೂತಿರುತ್ತೆ, ತಿನ್ನುತ್ತೆ. ಕಳ್ಳನೋ ಕಾವಲುಗಾರನೋ ಅಂತ ಮದುವೆಯಾದಾಗಿಂದ ನೋಡ್ತಾ ಇದೀನಿ. ಅಷ್ಟು ದೊಡ್ಡ ಬಾಟಲಿ ಸಿಗಲಿಲ್ಲ."

ಗಡಿಯಾರದವರು ತೆಪ್ಪಗೆ ಎದ್ದು, ಸ್ಟೂಲು ಹತ್ತಿ, ಗೋಡೆ ಗಡಿಯಾರ ಕೆಳಗಿಳಿಸಿದರು.