ಕೆರೆಯೊಳಗೊಂದು ಮೀನಿನ ಮನೆ

“ಸಮುದ್ರ ಮಂಗಳೂರಿನಲ್ಲಿದ್ದರೇನು? ಬುದ್ಧಿ ಮೈಸೂರಿನಲ್ಲಿದೆ!” ಎಂದು ಮಡದಿ ಲೂರ್ದಮ್ಮನಿಗೆ ಸಾರಿದೆ.

ನನ್ನ ಮಾವ ಸವರಿಯಪ್ಪನವರು ರೈಲ್ವೆ ಕೆಲಸದಲ್ಲಿ ಹತ್ತು ವರ್ಷ ಮಂಗಳೂರಿನಲ್ಲಿದ್ದು, ಕಡಲ ಮೀನಿನ ರುಚಿ ಹತ್ತಿಸಿಕೊಂಡವರು. ಶುಕ್ರವಾರ ನಮ್ಮ ಕ್ರೈಸ್ತರ ಮನೆಗಳಲ್ಲಿ ಮಾಂಸ ಮುಟ್ಟುವಂತಿಲ್ಲ, ಮೀನಾದರೆ ಅಡ್ಡಿಯಿಲ್ಲ. ಅವರು ಊಟಕ್ಕೆ ಬರುತ್ತೇನೆಂದು ಕಾಗದ ಬರೆದದ್ದು ಸರಿಯಾಗಿ ಶುಕ್ರವಾರಕ್ಕೇ! ಮಂಗಳೂರಿನವರು ಕಡಲ ದಡದ ಹತ್ತಿರ ಮುರಿದ ದೋಣಿ, ಕಲ್ಲು ಮುಳುಗಿಸುತ್ತಾರೆ, ಬಗೆಬಗೆಯ ಮೀನು ಬಂದು ಅದರಲ್ಲಿ ಸಂಸಾರ ಹೂಡುತ್ತವೆ ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ನಾನೂ ಒಂದು ತಿಂಗಳು ಮೊದಲೇ ಮೈಸೂರಿನಾಚೆ ಇಲವಾಲದ ಕಡೆಯ ಕೆರೆಯೊಂದರಲ್ಲಿ ನಮ್ಮ ಮುರುಕು ಮಂಚವನ್ನೂ ತೂತುಬಿದ್ದ ಹಂಡೆಯನ್ನೂ ಮುಳುಗಿಸಿ ಬಂದೆ.

“ಬರಿಗೈಲಿ ಬಂದ್ರೆ ಅಪ್ಪನ ಮುಂದೆ ನನ್ ಮಾನ ಹೋಗುತ್ತೆ ಕಣ್ರೀ,” ಎಂದಳು ಲೂರ್ದಮ್ಮ. ಆ ಶುಕ್ರವಾರ ಬೆಳಿಗ್ಗೆ ಗಾಳಗಳ ಜೊತೆ ದೊಡ್ಡ ಬುಟ್ಟಿಯನ್ನೇ ಹಿಡಿದು ಕೆರೆಗೆ ಹೊರಟೆ.

ಮೊದಲ ಗಾಳ ಮಂಚಕ್ಕೆ ಸಿಕ್ಕಿಕೊಂಡಿತು. ಎರಡನೆಯದೂ ಅಲ್ಲಿಗೇ ಹೋಯಿತು. ಮೀನಿಗೆಂದು ಕಟ್ಟಿದ ಮನೆ ನನ್ನ ಗಾಳಗಳನ್ನೆಲ್ಲ ನುಂಗತೊಡಗಿತು! ಕೋಟು, ಪೇಟ, ಜೋಡು ದಡದಲ್ಲಿಟ್ಟು ನೀರಿಗಿಳಿದೆ. ಮುಳುಗಿ ಎದ್ದವನು ದಿಕ್ಕು ತಪ್ಪಿ ಆಚೆಯ ಜೊಂಡಿನಲ್ಲಿ ಬಹಳ ಹೊತ್ತು ತಡಕಾಡಿ ಹತ್ತಿ ಬಂದರೆ, ಏರಿಯ ಮೇಲೆ ಊರಿಗೆ ಊರೇ ನೆರೆದಿದೆ! ಮೈಸೂರಿನವರು ಯಾರೋ ಬಟ್ಟೆ ಕಳಚಿಟ್ಟು ಕೆರೆಗೆ ಹಾರಿದ್ದಾರಂತೆ. ನನಗೆ ಅಯ್ಯೋ ಎನಿಸಿತು. ಪಾಪ, ಹೆಂಡತಿ ಮಕ್ಕಳಿದ್ದರೋ ಏನೋ! ಕೆಸರು ಮೆತ್ತಿದ್ದ ನನ್ನನ್ನು ಯಾರೂ ಗುರುತಿಸಲಿಲ್ಲ. ನಾನೂ ಗುರುತಿಸಲಿಲ್ಲ! ಹುಡುಕಲು ಬಲೆ ಬೀಸಿದ್ದರು. ಅದರ ಒಂದು ತುದಿ ಹಿಡಿದು ಎಲ್ಲರಿಗಿಂತ ಜೋರಾಗಿ ಎಳೆದೆ.

ಮೊದಲು ಮಂಚ ಬಂತು.

“ಅಯ್ಯೋ ಪಾಪ, ಮಂಚದ ಸಮೇತ ಬಂದವ್ರೆ,” ಎಂದು ಬಲೆಯ ಒಡತಿ ಪುಟ್ಟಬಸಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡಳು.

ಹಿಂದೆಯೇ ಹಂಡೆ ಬಂತು. ಅದರ ಒಳಗೂ ಸುತ್ತಲೂ ಕುಚ್ಚು, ಗೆಂಡೆ, ಬಾಳೆಮೀನು, ಹೆಸರು ತಿಳಿಯದ ಇನ್ನೆಷ್ಟೋ ಮೀನು ವಿಲವಿಲನೆ ಒದ್ದಾಡುತ್ತಿದ್ದವು! ಹಂಡೆ ನನ್ನದೆಂದು ಆಗ ಹೊಳೆಯಿತು. ಸತ್ತವನೂ ನಾನೇ ಎಂದು ಹೊಳೆಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ವಿಷಯ ಒಪ್ಪಿಕೊಂಡೆ. ಬದುಕಿದೆನೆಂದು ಒಬ್ಬರೂ ಸಂತೋಷಪಡಲಿಲ್ಲ. ಕೆಲಸ ಕೆಡಿಸಿದೆನೆಂದು ಎಲ್ಲರೂ ಬೈದರು.

ಪುಟ್ಟಬಸಮ್ಮ ಹುಡುಕಿದವರಿಗೆಲ್ಲ ಮೀನು ಹಂಚತೊಡಗಿದಳು. ಮಾವನವರ ತಟ್ಟೆ ನೆನೆದು ನಾನೂ ಬುಟ್ಟಿ ಒಡ್ಡಿದೆ.

“ಉಡುಕ್ದೋರಿಗೆ ಮಾತ್ರ ಪಾಲು ಸ್ವಾಮಿ.”

“ನಾನೂ ಹುಡುಕಿದೆನಲ್ಲಮ್ಮ!”

“ನೀವು ಉಡುಕ್ತಿದ್ದೋರು ನಿಮಗೆ ಸಿಕ್ಬುಟ್ರಲ್ಲ. ಅವ್ರನ್ನೇ ಮನೆಗೆ ಕರ್ಕೊಂಡೋಗಿ.”

ಕರೆದುಕೊಂಡು ಬಂದೆ. ಮಾವನವರು ಅಂದು ದಂಟಿನ ಸೊಪ್ಪಿನ ಸಾರು ಉಂಡರು. ನನಗೆ ಬಡಿಸುವಾಗ ಲೂರ್ದಮ್ಮ, ಆ ಜಾಗದಲ್ಲಿ ಯಾರೂ ಕೂತೇ ಇಲ್ಲವೆಂಬಂತೆ ಮುಂದೆ ಹೋಗಿಬಿಟ್ಟಳು.